ಸಂಪಾದಕರ ಉತ್ತರ: ಸಭೆಯಲ್ಲಿ ಸುಮ್ಮನಿರಬೇಕಾದವರು ಹೆಂಗಸರು ಮಾತ್ರವೇ?

ಪ್ರಿಯ ಸಹೋದರಿಯವರಿಗೆ ಕರ್ತನ ಹೆಸರಿನಲ್ಲಿ ವಂದನೆಗಳು.

ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಹಾಗಾಗಿ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಉಪವಾಸ ಪ್ರಾರ್ಥನೆಯಲ್ಲಿ ನೀವು ಅನ್ಯಭಾಷೆಯಲ್ಲಿ, ಅಂದರೆ ಪವಿತ್ರಾತ್ಮನ ಪ್ರೇರಣೆಯಿಂದ ಬರುವ, ಕಲಿಯದ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದಾಗ ಸಭೆಯ ಹಿರಿಯರೊಬ್ಬರು ತಡೆದರು. ಅಪೊಸ್ತಲ ಪೌಲನ ಪತ್ರದಿಂದ 1 ಕೊರಿಂಥ 14:34 ಓದಿ, ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಎಂದರು. ಸ್ವಲ್ಪ ಹೊತ್ತಿಗೆ ನಾಲ್ಕೈದು ಸಹೋದರರು ಒಟ್ಟಿಗೇ ಅನ್ಯಭಾಷೆಯಲ್ಲಿ ಕೂಗಿ ಪ್ರಾರ್ಥಿಸಿದರು. ಯಾರೂ ಅರ್ಥ ಹೇಳಲಿಲ್ಲ, ಅವರನ್ನು ಯಾರೂ ತಡೆಯಲೂ ಇಲ್ಲ. "ಹಾಗಾದರೆ ಪವಿತ್ರಾತ್ಮನು ಗಂಡಸರಿಗೆ ಮಾತ್ರವೇ?" ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ನಿಮ್ಮ ಹಿರಿಯರು ತಪ್ಪು ಮಾಡಿದ್ದಾರೆ ಎಂದೇ ನಾನು ನಂಬುತ್ತೇನೆ. ಅವರು ಆ ವಚನ ಓದಿದ್ದು ತಪ್ಪಲ್ಲ, ಅದೊಂದನ್ನೇ ಓದಿ ನಿಲ್ಲಿಸಿದ್ದು ತಪ್ಪು.

ಅದೇ ಅಧ್ಯಾಯವನ್ನು 26ನೇ ವಚನದಿಂದ ಓದಿ ನೋಡಿ. ಪೌಲನು ಸುಮ್ಮನಿರಿ ಎಂದು ಹೇಳುವುದು ಮೂರು ಸಲ. 28ರಲ್ಲಿ, ಅರ್ಥ ಹೇಳುವವರು ಇಲ್ಲದಿದ್ದರೆ ಅನ್ಯಭಾಷೆ ಆಡುವವನು ಸುಮ್ಮನಿರಲಿ. 30ರಲ್ಲಿ, ಪಕ್ಕದಲ್ಲಿ ಕುಳಿತವನಿಗೆ ಪ್ರಕಟನೆ ಆದರೆ ಮಾತಾಡುತ್ತಿರುವ ಪ್ರವಾದಿ, ಅಂದರೆ ದೇವರ ಸಂದೇಶ ಹೇಳುವವನು, ಸುಮ್ಮನಾಗಲಿ. ಆಮೇಲೆ 34ರಲ್ಲಿ ಹೆಂಗಸರು. ಮೊದಲ ಎರಡನ್ನು ಯಾರೂ ಶಾಶ್ವತ ಬೀಗ ಎಂದುಕೊಳ್ಳುವುದಿಲ್ಲ, ಆ ಹೊತ್ತಿನ ಶಿಸ್ತು ಎಂದುಕೊಳ್ಳುತ್ತೇವೆ ಅಲ್ವಾ? ಮೂರನೆಯದು ಮಾತ್ರ ಹೇಗೆ ಎಲ್ಲಾ ಕಾಲಕ್ಕೂ ಎಲ್ಲಾ ಹೆಂಗಸರಿಗೂ ಬೀಗವಾಯಿತು? ಮುಂದಿನ ವಚನ ನೋಡಿದರೆ ಅಲ್ಲಿದ್ದ ಸಮಸ್ಯೆ ಪ್ರಾರ್ಥನೆಯದ್ದಲ್ಲ, ಕೂಟದ ಮಧ್ಯೆ ಪ್ರಶ್ನೆ ಕೇಳುವುದರದ್ದು. ತಿಳಿಯಬೇಕಿದ್ದರೆ ಮನೆಯಲ್ಲಿ ಗಂಡನನ್ನು ಕೇಳಲಿ ಎನ್ನುತ್ತಾನೆ. ಇನ್ನು ಅದೇ ಪತ್ರದ 11:5ರಲ್ಲಿ ಇದೇ ಪೌಲನು ಹೆಂಗಸರು ಪ್ರಾರ್ಥನೆ ಮಾಡುವಾಗ, ಪ್ರವಾದಿಸುವಾಗ ತಲೆಗೆ ಮುಸುಕು ಹಾಕಲಿ ಎನ್ನುತ್ತಾನೆ. ಬಾಯಿ ತೆರೆಯಲೇಬಾರದು ಎಂದಿದ್ದರೆ ಮುಸುಕಿನ ಮಾತು ಯಾಕೆ ಬರುತ್ತಿತ್ತು? ಕೈಸರೈಯದಲ್ಲಿ ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳು ಪ್ರವಾದಿಸುತ್ತಿದ್ದರು, ನಾಲ್ವರಿಗೂ ಮದುವೆ ಆಗಿರಲಿಲ್ಲ. ಅವರು ಯಾವ ಗಂಡನನ್ನು ಕೇಳಬೇಕಿತ್ತು?

ಈ ಪತ್ರದ ಕೆಲವು ಹಳೆಯ ಕೈಬರಹದ ಪ್ರತಿಗಳಲ್ಲಿ 34, 35ನೇ ವಚನಗಳು ಅಧ್ಯಾಯದ ಕೊನೆಯಲ್ಲಿ ಬರುತ್ತವೆ. ಅದನ್ನು ಹಿಡಿದು, ಇವು ಪೌಲನ ಮಾತುಗಳೇ ಅಲ್ಲ, ಅಂಚಿನಲ್ಲಿದ್ದ ಟಿಪ್ಪಣಿ ಒಳಗೆ ಸೇರಿಕೊಂಡಿದೆ ಎಂದು ಪೆಂತೆಕೊಸ್ತ (ಅನ್ಯಭಾಷೆಯ ವರವನ್ನು ನಂಬುವ ಪಂಗಡದ) ವಿದ್ವಾಂಸ ಗಾರ್ಡನ್ ಫೀ 1987ರಲ್ಲಿ ವಾದಿಸಿದರು. ನನಗೆ ಆ ದಾರಿ ಬೇಕಾಗಿಲ್ಲ. ವಚನಗಳು ಇದ್ದಲ್ಲೇ ಇರಲಿ, ಇಡೀ ಅಧ್ಯಾಯ ಓದಿದರೆ ಸಾಕು.

ಹೆಂಗಸರನ್ನು ತೆಗೆದುಬಿಟ್ಟರೆ ಅನ್ಯಭಾಷೆಯ ಚಳವಳಿಯೇ ಉಳಿಯುವುದಿಲ್ಲ ಎಂದು ಕೆಲವು ಬೋಧಕರು ಹಂಗಿಸುತ್ತಾರೆ. ಹಂಗಿಸಲಿ, ಅದರಲ್ಲಿ ನಿಜವೂ ಇದೆ. 1901ರ ಜನವರಿ 1ರಂದು ಅಮೆರಿಕದ ಟೊಪೀಕದ ಬೈಬಲ್ ಶಾಲೆಯಲ್ಲಿ ಮೊದಲು ಅನ್ಯಭಾಷೆ ಆಡಿದ್ದು ಆಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿ. ನಮ್ಮ ದೇಶದ್ದೇ ನೋಡಿ. ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಮಿಷನ್, ಪಂಡಿತಾ ರಮಾಬಾಯಿ ಅವರದ್ದು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರ ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಶಾಸ್ತ್ರ ತೋರಿಸಿಯೇ ಉತ್ತರ ಕೊಡಬೇಕಾಯಿತು. ಮಗಳ ಮುಕ್ತಿ ಮಿಷನ್‌ನಲ್ಲಿ ಇದ್ದವರು ಹೆಚ್ಚಾಗಿ ಬಾಲವಿಧವೆಯರು, ಬರಗಾಲದಲ್ಲಿ ಅನಾಥರಾದ ಹುಡುಗಿಯರು. 1905ರ ಜೂನ್ ಕೊನೆಯ ಒಂದು ರಾತ್ರಿ ಅಲ್ಲೊಬ್ಬ ಹುಡುಗಿ ಆತ್ಮಭರಿತಳಾದಳು. ಅವಳ ಮೈಗೆ ಬೆಂಕಿ ಹತ್ತಿದೆ ಎಂದುಕೊಂಡು ಕೋಣೆಯಲ್ಲಿದ್ದ ಇನ್ನೊಬ್ಬಳು ನೀರಿನ ಬಕೆಟ್ ತರಲು ಓಡಿದಳು. ನೀರು ಸುರಿಯುವ ಮೊದಲು ನೋಡಿದರೆ ಮೈ ಸುಟ್ಟೇ ಇರಲಿಲ್ಲ. ಮುಂದಿನ ವರ್ಷ ಹೊತ್ತಿಗೆ ಅಲ್ಲಿನ ಹುಡುಗಿಯರು ಅನ್ಯಭಾಷೆಗಳಲ್ಲೂ ಪ್ರಾರ್ಥಿಸತೊಡಗಿದರು. ರಮಾಬಾಯಿ ಆ ಹುಡುಗಿಯರನ್ನು ತಡೆಯಲಿಲ್ಲ, ಟೀಕೆ ಬಂದಾಗ ಅವರ ಪರ ನಿಂತು ಬರೆದರು. ಹಾಗೆಂದು ಅನ್ಯಭಾಷೆ ಬಾರದವರಿಗೆ ಆತ್ಮನೇ ಇಲ್ಲ ಎಂದೂ ಅವರು ಹೇಳಲಿಲ್ಲ. ಮುಕ್ತಿ ಮಿಷನ್‌ನಲ್ಲಿದ್ದ ಮಿಷನರಿ ಮಿನ್ನಿ ಏಬ್ರಮ್ಸ್ ಈ ಉಜ್ಜೀವನದ, ಅಂದರೆ ಆತ್ಮಿಕ ಜಾಗೃತಿಯ ಬಗ್ಗೆ 1906ರಲ್ಲಿ ಒಂದು ಪುಸ್ತಕ ಬರೆದು, ಚಿಲಿ ದೇಶದಲ್ಲಿದ್ದ ಹಳೆಯ ಗೆಳತಿ, ಮಿಷನರಿ ವಿಲ್ಲಿಸ್ ಹೂವರ್ ಅವರ ಹೆಂಡತಿಗೆ ಕಳಿಸಿದರು. 1909ರ ಚಿಲಿಯ ಉಜ್ಜೀವನಕ್ಕೆ ಅದೂ ಒಂದು ಕಾರಣ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಕಳಿಸಿದ ಪುಸ್ತಕ!

ಬಾಯಿ ತೆರೆಯಲು ಬಿಟ್ಟ ಮೇಲೂ ವೇದಿಕೆ ಬಿಟ್ಟುಕೊಡಲು ಜಾಸ್ತಿ ವರ್ಷ ಹಿಡಿಯಿತು ಅನ್ನುವುದು ಬೇರೆ ನೋವು. 1914ರಲ್ಲಿ ಶುರುವಾದ ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂತೆಕೊಸ್ತ ಸಭೆ ಹೆಂಗಸರಿಗೆ ಪಾಸ್ಟರ್ ಆಗಿ ಪೂರ್ಣ ಅಭಿಷೇಕ ಒಪ್ಪಿದ್ದು 1935ರಲ್ಲಿ.

ಈಗ ನಿಮಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಇಬ್ಬರು ಅಥವಾ ಮೂವರು, ಒಬ್ಬರಾದ ಮೇಲೆ ಒಬ್ಬರು, ಅರ್ಥ ಹೇಳುವವರು ಇರಬೇಕು ಎಂಬ 27ನೇ ವಚನದ ನಿಯಮ ನಿಮಗೂ ಇದೆ. ಅರ್ಥ ಹೇಳುವವರು ಇಲ್ಲದ ದಿನ ಮನಸ್ಸಿನಲ್ಲೇ ದೇವರೊಂದಿಗೆ ಮಾತಾಡಿಕೊಳ್ಳಿ. ಆದರೆ ಆ ಸಹೋದರರೂ ಹಾಗೇ ಮಾಡಬೇಕು. ಹಿರಿಯರ ಹತ್ತಿರ ಜಗಳಕ್ಕೆ ಹೋಗಬೇಡಿ, ಪಾಸ್ಟರನ್ನೂ ಕೂರಿಸಿಕೊಂಡು 26ರಿಂದ 40ರವರೆಗೆ ಒಟ್ಟಿಗೆ ಓದಿಸಿ. ಅನ್ಯಭಾಷೆ ಆಡುವುದಕ್ಕೆ ಅಡ್ಡಿಮಾಡಬೇಡಿರಿ ಎಂದು 39ರಲ್ಲಿ ಇದೆ. ಅದನ್ನು ಹಿರಿಯರ ಬಾಯಿಂದಲೇ ಓದಿಸಿ. ಅವರು ಏನು ಹೇಳಿದರು ಎಂದು ನಮಗೆ ಬರೆಯಿರಿ. ಅವರೇ ಬರೆದರೆ ಆ ಪತ್ರವನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.