ಶಿಟ್ಜು ನಾಯಿಯ ಕೂದಲನ್ನು ಮನೆಯಲ್ಲೇ ಟ್ರಿಮ್ ಮಾಡಬಹುದಾ?

ಖಂಡಿತ ಮಾಡಬಹುದು. ನಮ್ಮ ಶಿಟ್ಜುಗೂ ಪಾರ್ಲರ್ ಮೆಟ್ಟಿಲು ಹತ್ತಿದರೆ ನಡುಕ ಶುರುವಾಗುತ್ತದೆ, ಹಾಗಾಗಿ ವರ್ಷಗಳಿಂದ ನಾನೇ ಮಾಡುತ್ತಿದ್ದೇನೆ. ಆದರೆ ಕಿವಿ ಹಿಂದೆ ಕಟ್ಟಿರುವ ಗಂಟನ್ನು ಕತ್ತರಿಯಲ್ಲಿ ಕತ್ತರಿಸಲಾ, ಬೇಸಿಗೆಗೆ ಪೂರ್ತಿ ಬೋಳಿಸಿಬಿಡಲಾ ಅಂತ ಕೇಳಿದ್ದೀರಲ್ಲ, ದಯವಿಟ್ಟು ಎರಡೂ ಬೇಡ.

ಗಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತಿ ನೋಡಿ. ಅದರ ಜೊತೆ ಚರ್ಮವೂ ಡೇರೆಯ ಹಾಗೆ ಮೇಲೆದ್ದು ಬರುತ್ತದೆ. ಕೂದಲೊಳಗೆ ಅದು ಕಣ್ಣಿಗೆ ಕಾಣುವುದೇ ಇಲ್ಲ. ಕತ್ತರಿ ಹಾಕಿದರೆ ಚರ್ಮವೇ ಸೀಳಿ ಹೋಗುತ್ತದೆ. ಅದರ ಬದಲು ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ. ಆಗ ಎಳೆದರೂ ನಾಯಿಗೆ ಅಷ್ಟು ನೋವಾಗುವುದಿಲ್ಲ. ಬೆರಳಲ್ಲೇ ಸ್ವಲ್ಪ ಸ್ವಲ್ಪ ಬಿಡಿಸಿ, ಆಮೇಲೆ ಸ್ಟೀಲ್ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬನ್ನಿ. ಸ್ನಾನಕ್ಕೆ ಮೊದಲೇ ಇದು ಮುಗಿಯಬೇಕು. ಸಿಕ್ಕಿಗೆ ನೀರು ಬಿದ್ದು ಒಣಗಿದರೆ ಇನ್ನೂ ಬಿಗಿಯಾಗುತ್ತದೆ.

ನಿಜ ಹೇಳಬೇಕೆಂದರೆ ಕೆಲಸದ ಮುಕ್ಕಾಲು ಭಾಗ ಬಾಚುವುದೇ. ಮೇಲೆ ಮೇಲೆ ಬ್ರಷ್ ಆಡಿಸಿದರೆ ಕೂದಲು ನುಣ್ಣಗೆ ಕಾಣುತ್ತದೆ, ಅಡಿಯಲ್ಲಿ ಸಿಕ್ಕು ಹಾಗೇ ಇರುತ್ತದೆ. ಬೈತಲೆ ತೆಗೆದು, ಚರ್ಮ ಕಾಣುವ ಹಾಗೆ ಸಾಲು ಸಾಲಾಗಿ ಬಾಚಿ. ಕಿವಿ ಹಿಂದೆ, ಕಂಕುಳು, ತೊಡೆಸಂದಿ, ಬೆಲ್ಟ್ ಉಜ್ಜುವ ಜಾಗ, ಇವೇ ಗಂಟಿನ ಮನೆಗಳು.

ಸ್ನಾನ ಆಗಿ, ಬುಡದವರೆಗೆ ಚೆನ್ನಾಗಿ ಒಣಗಿದ ಮೇಲೆ ಟ್ರಿಮ್ಮರ್ ಹಿಡಿಯಿರಿ. ನಾಯಿಗಳ ಟ್ರಿಮ್ಮರ್ ಇರಲಿ, ಗಡ್ಡದ್ದು ಈ ಕೂದಲಿಗೆ ಸಾಲುವುದಿಲ್ಲ. ಮೈಗೆ ಅರ್ಧ ಇಂಚು ಕೂದಲು ಉಳಿಸುವ ಗಾರ್ಡ್ (ಬ್ಲೇಡ್ ಮೇಲೆ ಸಿಕ್ಕಿಸುವ ಬಾಚಣಿಗೆ) ಹಾಕಿ, ಕೂದಲು ಬೆಳೆದ ದಿಕ್ಕಿನಲ್ಲೇ ಓಡಿಸಿ. 10 ನಂಬರ್ ಬ್ಲೇಡ್ ಸುಮಾರು 1.5 ಮಿಲಿಮೀಟರ್ ಮಾತ್ರ ಉಳಿಸುತ್ತದೆ, ಅದು ಗುದದ ಸುತ್ತ ಮತ್ತು ಅಂಗಾಲಿಗೆ ಸಾಕು. ಬ್ಲೇಡ್ ಬೇಗ ಕಾಯುತ್ತದೆ. ಆಗಾಗ ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ, ಬಿಸಿ ಅನಿಸಿದರೆ ನಿಲ್ಲಿಸಿ.

ಬೋಳಿಸಬೇಡಿ ಅಂದದ್ದು ಇದಕ್ಕೇ: ನಾಯಿಗಳು ಮೈ ತಣಿಸಿಕೊಳ್ಳುವುದು ಹೆಚ್ಚಾಗಿ ಏದುಸಿರಿನಿಂದ, ಹಾಗಾಗಿ ಬೋಳಿಸಿದರೂ ಅಷ್ಟೇನೂ ತಂಪಾಗುವುದಿಲ್ಲ. ಬೋಳು ಚರ್ಮಕ್ಕೆ ನೇರ ಬಿಸಿಲು ಬಿದ್ದರೆ ಸುಡುತ್ತದೆ. ಗಿಡ್ಡ ಮಾಡಿದರೆ ಸಾಕು. ಅಂದ ಹಾಗೆ, ಪಕ್ಕದ ಮನೆಯವರದ್ದು ಪೊಮೇರಿಯನ್ ಅಂತ ಬರೆದಿದ್ದೀರಿ. ಅದಕ್ಕೆ ಈ ಸಲಹೆ ಹೇಳಬೇಡಿ. ಅದರದ್ದು ದಟ್ಟವಾದ ಒಳಪದರ ಇರುವ ಕೂದಲು, ಬುಡಕ್ಕೆ ಕತ್ತರಿಸಿದರೆ ಕೆಲವು ಸಲ ಸರಿಯಾಗಿ ಮತ್ತೆ ಬೆಳೆಯುವುದೇ ಇಲ್ಲ.

ಮುಖಕ್ಕೆ ಇಬ್ಬರು ಬೇಕು. ಒಬ್ಬರು ಗಲ್ಲದ ಕೆಳಗಿನ ಕೂದಲನ್ನು ಮೆತ್ತಗೆ ಹಿಡಿಯಲಿ. ಕುತ್ತಿಗೆ ಹಿಂದಿನ ಚರ್ಮ ಹಿಡಿದು ಎಳೆಯಲೇಬೇಡಿ, ಶಿಟ್ಜು ಕಣ್ಣು ಮುಂದೆ ಚಾಚಿರುವುದರಿಂದ ಗುಡ್ಡೆಯೇ ಹೊರಗೆ ಜಾರುವ ಅಪಾಯ ಇದೆ. ಮೂಗಿನ ಮೇಲಿನ ಗಿಡ್ಡ ಕೂದಲು ಕಣ್ಣಿಗೆ ಚುಚ್ಚಿ ಹುಣ್ಣಾಗಬಹುದು, ಆದ್ದರಿಂದ ಅದನ್ನು ತೆಗೆಯಲೇಬೇಕು. ತುದಿ ಗುಂಡಗಿರುವ ಕತ್ತರಿ ತಗೊಳ್ಳಿ, ತುದಿ ಯಾವತ್ತೂ ಕಣ್ಣಿನ ಕಡೆ ಇರಬಾರದು. ನಾಯಿ ತಲೆ ಅಲ್ಲಾಡಿಸಿತಾ, ಕತ್ತರಿ ಕೆಳಗಿಡಿ.

ಅಂಗಾಲಿನ ಮೆತ್ತೆಗಳ ನಡುವಿನ ಕೂದಲನ್ನೂ ಮರೆಯಬೇಡಿ. ಅದು ಉದ್ದ ಆದರೆ ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಮಳೆಗಾಲದಲ್ಲಿ ಕೆಸರು ಕಟ್ಟುತ್ತದೆ. ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳು ಕೂತಿದೆಯಾ ಅಂತಲೂ ಆಗಲೇ ನೋಡಿಬಿಡಿ.

ಎಲ್ಲ ಒಂದೇ ದಿನ ಮುಗಿಸಬೇಕು ಅಂತೇನಿಲ್ಲ. ಇವತ್ತು ಬೆನ್ನು, ನಾಳೆ ಕಾಲು. ಬಿಡಿಸಲಾಗದಷ್ಟು ಸಿಕ್ಕು ಮೈತುಂಬಾ ಇದ್ದರೆ, ಅಥವಾ ಗಂಟಿನ ಕೆಳಗೆ ಚರ್ಮ ಕೆಂಪಾಗಿ ವಾಸನೆ ಬರುತ್ತಿದ್ದರೆ ಮಾತ್ರ ನೀವು ಕೈ ಹಾಕಬೇಡಿ, ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.