ಒಂದೇ ಫೈಬರ್, ಹಲವು ಪಾಲುದಾರರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗೋಕರ್ಣದಲ್ಲಿ ನಮ್ಮ ಹೋಂಸ್ಟೇ. ಡೌನ್‌ಲೋಡ್ 50, ಅಪ್‌ಲೋಡ್ 20 ಎಂಬಿಪಿಎಸ್. ಒಬ್ಬ ಅತಿಥಿ ವಿಡಿಯೊ ಬ್ಯಾಕಪ್ ಹಚ್ಚಿದರೆ ಸಾಕು, ಉಳಿದವರ ವಿಡಿಯೊ ಕಾಲ್ ತಡವರಿಸುತ್ತದೆ. ದೊಡ್ಡ ಪ್ಲಾನ್ ಬೇಕೇ?

ಉತ್ತರ: ದುಡ್ಡು ಹಾಕುವ ಮೊದಲು ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರಿಗೆ ಜೋಡಿಸಿ ಪಿಂಗ್ (ಡೇಟಾದ ಪುಟ್ಟ ತುಂಡು, ಅಂದರೆ ಪ್ಯಾಕೆಟ್, ಹೋಗಿ ಬರಲು ಹಿಡಿಯುವ ಹೊತ್ತನ್ನು ಅಳೆಯುವ ಆಜ್ಞೆ) ಓಡಿಸಿಡಿ. ಫೋನಿನಿಂದ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. ಪಿಂಗ್ 20 ಮಿಲಿಸೆಕೆಂಡ್ ಇದ್ದದ್ದು 400ಕ್ಕೆ ಜಿಗಿದರೆ, ತೊಂದರೆ ವೇಗದ್ದಲ್ಲ, ಸರತಿಯದ್ದು. ಮೋಡೆಮ್‌ನ ಬಫರಿನಲ್ಲಿ (ಕಳಿಸಬೇಕಾದ ಡೇಟಾ ಕಾಯುವ ಜಾಗ) 1 ಎಂಬಿ, ಅಂದರೆ 8 ಮೆಗಾಬಿಟ್, ಡೇಟಾ ತುಂಬಿದರೆ 20 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು 400 ಮಿಲಿಸೆಕೆಂಡ್ ಬೇಕು. ಕಾಲ್‌ನ ಪುಟ್ಟ ಪ್ಯಾಕೆಟ್ ಅಷ್ಟು ಹೊತ್ತು ಬ್ಯಾಕಪ್ಪಿನ ಹಿಂದೆ ನಿಲ್ಲಬೇಕು.

ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಮುಕ್ತ ತಂತ್ರಾಂಶ) ಓಡುವ ರೂಟರ್ ಇದ್ದರೆ ಸರತಿ ನಿಭಾಯಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ವ್ಯಾನ್ ಇಂಟರ್‌ಫೇಸ್ (ಇಂಟರ್ನೆಟ್ ಬರುವ ಕಡೆ) ಆಯ್ದು, ಕ್ಯೂ ಡಿಸಿಪ್ಲಿನ್ (ಸರತಿ ಹಂಚುವ ವಿಧಾನ) ಆಗಿ 'ಕೇಕ್' ಕೊಡಿ. ವೇಗವನ್ನು ಅಳೆದು ಸಿಕ್ಕಿದ್ದರ ಶೇ 90 ಬರೆಯಿರಿ: ನಿಮಗೆ ಡೌನ್‌ಲೋಡಿಗೆ 45,000, ಅಪ್‌ಲೋಡಿಗೆ 18,000 ಕಿಲೋಬಿಟ್. ಈ ಕಡಿತ ಬಿಡಬೇಡಿ. ಸರತಿ ನಿಮ್ಮ ರೂಟರಿನಲ್ಲೇ ನಿಂತರೆ ಮಾತ್ರ ಅದನ್ನು ಹಂಚಲು ಸಾಧ್ಯ. ಮೋಡೆಮ್‌ನಲ್ಲಿ ನಿಂತರೆ ಕೇಕ್ ಕೈಕಟ್ಟಿ ಕೂರುತ್ತದೆ. ಹಾರ್ಡ್‌ವೇರ್ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ನೇರ ಚಿಪ್ಪಿನಿಂದಲೇ ದಾಟಿಸುವ ಸೌಲಭ್ಯ) ಆಫ್ ಮಾಡಿಡಿ, ಇಲ್ಲವಾದರೆ ಪ್ಯಾಕೆಟ್‌ಗಳು ಸರತಿಗೆ ಬಾರದೆ ಪಕ್ಕದಿಂದ ನುಸುಳುತ್ತವೆ.

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ಕೇರಿಯಲ್ಲಿ ನಾಲ್ಕು ಮನೆ ಸೇರಿ 40 ಎಂಬಿಪಿಎಸ್ ಲೈನ್ ಹಾಕಿಸಿದ್ದೇವೆ, ಹಣ ಸಮಪಾಲು. ಒಂದು ಮನೆಯ ಟೊರೆಂಟ್ (ಹಲವು ಕಂಪ್ಯೂಟರ್‌ಗಳಿಂದ ಏಕಕಾಲಕ್ಕೆ ಫೈಲ್ ಎಳೆಯುವ ವಿಧಾನ) ಎಲ್ಲವನ್ನೂ ನುಂಗುತ್ತಿದೆ. ಮನೆಗೆ 10 ಎಂದು ಮಿತಿ ಹಾಕಲೇ?

ಉತ್ತರ: ಬೇಡ. ಮೂರು ಮನೆ ಮಲಗಿದ್ದಾಗ ಉಳಿದ 30 ಯಾರಿಗೂ ಸಿಗದೆ ಹೋಗುತ್ತದೆ. ಸರಿಯಾದ ಹಂಚಿಕೆಯಲ್ಲಿ 2 ಸಾಕೆನ್ನುವ ಮನೆಗೆ ಪೂರ್ತಿ 2 ಸಿಕ್ಕಿ, ಮಿಕ್ಕ 38 ಬೇಡಿಕೆಯಿರುವ ಮೂವರಿಗೆ ಸಮನಾಗಿ ಹೋಗಬೇಕು.

ಹಂಚುವುದು ಯಾರ ನಡುವೆ ಎಂಬುದೇ ಇಲ್ಲಿ ಮುಖ್ಯ. ಸಂಪರ್ಕಕ್ಕೊಂದು ಪಾಲು ಎಂದರೆ 40 ಸಂಪರ್ಕ ತೆರೆದ ಟೊರೆಂಟ್‌ಗೆ 40 ಪಾಲು, ಪಕ್ಕದ ಮನೆಯ ಕಾಲ್‌ಗೆ ಒಂದು. 1985ರಲ್ಲಿ ನೆಟ್‌ವರ್ಕ್ ತಜ್ಞ ಜಾನ್ ನೇಗಲ್ ಸೂಚಿಸಿದ್ದೂ ಡೇಟಾ ಕಳಿಸುವ ಯಂತ್ರಕ್ಕೊಂದು ಸರತಿ ಎಂದೇ. ಕೇಕ್‌ನಲ್ಲಿ ಅಪ್‌ಲೋಡ್ ಕಡೆಗೆ 'ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್' (nat dual-srchost), ಡೌನ್‌ಲೋಡ್ ಕಡೆಗೆ 'ನ್ಯಾಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್' (nat dual-dsthost) ಕೊಡಿ. ಆಗ ಮೊದಲು ಯಂತ್ರಗಳ ನಡುವೆ, ಆಮೇಲೆ ಅವುಗಳ ಸಂಪರ್ಕಗಳ ನಡುವೆ ಪಾಲಾಗುತ್ತದೆ. ಪ್ರತಿ ಮನೆಯಲ್ಲೂ ನ್ಯಾಟ್ ಮಾಡುವ, ಅಂದರೆ ಮನೆಯ ಎಲ್ಲ ಸಾಧನಗಳನ್ನು ಒಂದೇ ವಿಳಾಸದ ಹಿಂದೆ ಇಡುವ, ರೂಟರ್ ಇರಲಿ. ಆಗಷ್ಟೇ ಮನೆಗೊಂದು ವಿಳಾಸ, ಮನೆಗೊಂದು ಪಾಲು. ವೈಫೈ ಮಾತ್ರ ಹರಡುವ ಆ್ಯಕ್ಸೆಸ್ ಪಾಯಿಂಟ್ ಇಟ್ಟರೆ ಹತ್ತು ಫೋನಿನ ಮನೆ ಹತ್ತು ಪಾಲು ಎಳೆದುಕೊಳ್ಳುತ್ತದೆ.

ಪ್ರಶ್ನೆ: ಹೊನ್ನಾವರದಲ್ಲಿ ನಮ್ಮದು ವೈರ್‌ಲೆಸ್ ಲಿಂಕ್, ಮಳೆಗಾಲದಲ್ಲಿ 25 ಎಂಬಿಪಿಎಸ್ ಇದ್ದದ್ದು 8ಕ್ಕೆ ಇಳಿಯುತ್ತದೆ. ಕೇಕ್‌ಗೆ ಯಾವ ಸಂಖ್ಯೆ?

ಉತ್ತರ: ಜೋರು ಮಳೆಯಲ್ಲಿ ಅಳೆದದ್ದರ ಶೇ 90, ಅಂದರೆ ಸುಮಾರು 7,000 ಕಿಲೋಬಿಟ್. 22,000 ಎಂದೇ ಬಿಟ್ಟರೆ ಸರತಿ ಮತ್ತೆ ಮೋಡೆಮ್‌ಗೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಅಳೆದು ಏರಿಸಿ.