ಅನಿಲೀನ್ ಅಂದರೆ ಏನು, ಎಲ್ಲೆಲ್ಲಿ ಬಳಸುತ್ತಾರೆ, ಅದು ಅಪಾಯವೇ?

ನಿಮ್ಮ ತಮ್ಮ ನಂಜನಗೂಡಿನ ಕಡೆ ಒಂದು ಕೆಮಿಕಲ್ ಫ್ಯಾಕ್ಟರಿಗೆ ಸೇರುತ್ತಿದ್ದಾನೆ, ಅಲ್ಲಿ ಅನಿಲೀನ್ ಡ್ರಮ್‌ಗಳಿವೆಯಂತೆ, ಅದೇನು, ಹೆದರಬೇಕಾ ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಲ್ಯಾಬ್ ಮಾಡಿಸುತ್ತೇನೆ. ಪ್ರತಿ ವರ್ಷ ಈ ಬಾಟಲಿ ಕೈಗೆ ಬರುತ್ತದೆ. ಇದರಿಂದ ತಯಾರಾಗುವ ಸೋಫಾ, ಟಯರ್‌ಗಳಿಗೆಲ್ಲ ಹೆದರುವುದು ಬೇಡ. ಡ್ರಮ್ಮಿನೊಳಗೆ ಇರುವ ಅನಿಲೀನ್‌ಗೆ ಮಾತ್ರ ಹೆದರಲೇಬೇಕು.

ಆರು ಕಾರ್ಬನ್‌ಗಳ ಬೆಂಜೀನ್ ಉಂಗುರಕ್ಕೆ ಒಂದು ಅಮೈನೋ ಗುಂಪು (ಒಂದು ನೈಟ್ರೋಜನ್, ಎರಡು ಹೈಡ್ರೋಜನ್) ಸೇರಿದರೆ ಅದು ಅನಿಲೀನ್. ಫ್ಯಾಕ್ಟರಿಯಲ್ಲಿ ಬೆಂಜೀನನ್ನು ಮೊದಲು ನೈಟ್ರೋಬೆಂಜೀನ್ ಮಾಡಿ, ಆಮೇಲೆ ಹೈಡ್ರೋಜನ್ ಹಾಯಿಸಿ ಇದನ್ನು ಪಡೆಯುತ್ತಾರೆ. ಹೊಸದಾಗಿ ಬಟ್ಟಿ ಇಳಿಸಿದಾಗ ಬಣ್ಣ ಇರುವುದಿಲ್ಲ, ಸ್ವಲ್ಪ ಎಣ್ಣೆ ಎಣ್ಣೆಯಾಗಿರುತ್ತದೆ. ಗಾಳಿ, ಬೆಳಕು ತಾಗಿದರೆ ಹಳದಿಯಾಗಿ ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಸ್ಟೋರ್ ರೂಮಿನ ಹಳೇ ಬಾಟಲಿ ನೋಡಿದರೆ ಕಾಫಿ ಡಿಕಾಕ್ಷನ್ ತರಹ ಇದೆ. ಚೂರು ಸತುವಿನ ಪುಡಿ ಹಾಕಿ ಮತ್ತೆ ಬಟ್ಟಿ ಇಳಿಸಿದರೆ ತಿಳಿಯಾಗುತ್ತದೆ. ವಾಸನೆ ಕೊಳೆತ ಮೀನಿನದು. 184 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಸೊನ್ನೆಗಿಂತ 6 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ನೀರಿಗಿಂತ ತುಸು ಭಾರ, ಒಂದು ಲೀಟರ್ ನೀರಿನಲ್ಲಿ ಸುಮಾರು 36 ಗ್ರಾಂ ಮಾತ್ರ ಕರಗುತ್ತದೆ. ಆದರೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡಿ, ತಳದಲ್ಲಿ ಕೂತಿದ್ದ ಹನಿಗಳು ಕಣ್ಣೆದುರೇ ಕರಗಿಹೋಗುತ್ತವೆ, ಯಾಕೆಂದರೆ ಅದು ಪ್ರತ್ಯಾಮ್ಲ, ಆಮ್ಲದ ಜೊತೆ ಸೇರಿ ಲವಣವಾಯಿತು. ಅಮೋನಿಯಾಗೆ ಹೋಲಿಸಿದರೆ ಇದು ತುಂಬಾ ದುರ್ಬಲ. ನೈಟ್ರೋಜನ್ ಹತ್ತಿರ ಇರಬೇಕಾದ ಎಲೆಕ್ಟ್ರಾನ್ ಜೋಡಿಯನ್ನು ಉಂಗುರ ತನ್ನ ಕಡೆ ಎಳೆದುಕೊಂಡಿರುತ್ತದಲ್ವಾ, ಅದಕ್ಕೆ.

ನನಗೆ ತುಂಬಾ ಇಷ್ಟದ ಪ್ರಯೋಗ ಬೇರೆಯದು. ಅನಿಲೀನನ್ನು ಆಮ್ಲದಲ್ಲಿ ಕರಗಿಸಿ, ಬೀಕರನ್ನು ಐಸಿನ ಮಧ್ಯೆ ಇಟ್ಟು, 5 ಡಿಗ್ರಿ ದಾಟದ ಹಾಗೆ ನೋಡಿಕೊಂಡು ಸೋಡಿಯಂ ನೈಟ್ರೈಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತೇವೆ. ಹುಡುಗರು ಅವಸರ ಮಾಡಿದರೆ ಬಿಸಿಯಾಗಿ ನೈಟ್ರೋಜನ್ ಗುಳ್ಳೆ ಏಳುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು. ಸರಿಯಾಗಿ ಬಂದರೆ, ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದ ಬೀಟಾ ನ್ಯಾಫ್ಥಾಲ್ ಎಂಬ ಇನ್ನೊಂದು ರಾಸಾಯನಿಕಕ್ಕೆ ಇದನ್ನು ಸುರಿದ ತಕ್ಷಣ ಎರಡೂ ಜೋಡಣೆಯಾಗಿ ಕಿತ್ತಳೆ ಕೆಂಪು ಬಣ್ಣ ಗಟ್ಟಿಯಾಗಿ ಇಳಿಯುತ್ತದೆ. ಇಡೀ ಬೆಂಚಿನ ಮಕ್ಕಳು ಬಂದು ಬಗ್ಗಿ ನೋಡುತ್ತಾರೆ. ಆ ಬಣ್ಣದ ಹೆಸರು ಸುಡಾನ್ 1. ಮೆಣಸಿನಪುಡಿಗೆ ಕಳ್ಳತನದಿಂದ ಬೆರೆಸುತ್ತಿದ್ದದ್ದು ಇದನ್ನೇ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ಇದು ಸಿಕ್ಕಿ ಯೂರೋಪಿನಲ್ಲಿ ದೊಡ್ಡ ಗಲಾಟೆಯಾಯಿತು. ಊಟಕ್ಕೆ ಇದನ್ನು ಬೆರೆಸುವುದು ಕಾನೂನುಬಾಹಿರ, ಇದನ್ನು ಮಕ್ಕಳಿಗೆ ಒತ್ತಿ ಒತ್ತಿ ಹೇಳುತ್ತೇನೆ.

ಬಣ್ಣದ ಉದ್ಯಮ ಶುರುವಾಗಿದ್ದೇ ಅನಿಲೀನ್‌ನಿಂದ. 1856ರಲ್ಲಿ ಲಂಡನ್ನಿನಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾ ಔಷಧಿ ಕ್ವಿನೈನ್ ತಯಾರಿಸಲು ಹೋಗಿ, ಅಶುದ್ಧ ಅನಿಲೀನ್‌ನಿಂದ ನೇರಳೆ ಬಣ್ಣ ಮಾವೀನ್ ಪಡೆದ. ರೇಷ್ಮೆಗೆ ಅದು ಚೆನ್ನಾಗಿ ಹಿಡಿಯಿತು. ಇವತ್ತೂ ರೇಷ್ಮೆಗೆ ಹಾಕುವ ಆಸಿಡ್ ಡೈಗಳಲ್ಲಿ ಎಷ್ಟೋ, ನಾವು ಲ್ಯಾಬಿನಲ್ಲಿ ಮಾಡುವ ಈ ಜೋಡಣೆಯ ದಾರಿಯಲ್ಲೇ ತಯಾರಾಗುತ್ತವೆ.

ಆದರೆ ಈಗ ಪ್ರಪಂಚದಲ್ಲಿ ತಯಾರಾಗುವ ಅನಿಲೀನ್‌ನ ದೊಡ್ಡ ಪಾಲು ಬಣ್ಣಕ್ಕೆ ಹೋಗುವುದಿಲ್ಲ, ಎಂಡಿಐ ಎಂಬ ರಾಸಾಯನಿಕಕ್ಕೆ ಹೋಗುತ್ತದೆ. ಅದರಿಂದ ಪಾಲಿಯುರಿಥೇನ್ ಫೋಮ್ ಮಾಡುತ್ತಾರೆ. ನಿಮ್ಮ ಮನೆಯ ಫ್ರಿಜ್ಜಿನ ಗೋಡೆಯೊಳಗೆ ತುಂಬಿರುವ ಗಟ್ಟಿ ಫೋಮ್ ಇದೇ. ಎರಡನೆಯದು ರಬ್ಬರ್. ಮೈಸೂರಿನಲ್ಲಿ ಟಯರ್ ಫ್ಯಾಕ್ಟರಿ ಇದೆಯಲ್ಲ, ಟಯರ್ ರಬ್ಬರನ್ನು ಗಂಧಕದ ಜೊತೆ ಬೇಗ ಬೇಯಿಸಲು ಹಾಕುವ ವೇಗವರ್ಧಕಗಳು, ಬಿಸಿಲು ಗಾಳಿಗೆ ಸೀಳು ಬಿಡದ ಹಾಗೆ ಕಾಯುವ ರಾಸಾಯನಿಕಗಳು, ಇವುಗಳಲ್ಲಿ ಬಹಳಷ್ಟು ಅನಿಲೀನ್‌ನಿಂದ ಬರುತ್ತವೆ. ಕಳೆನಾಶಕಗಳಲ್ಲೂ ಕೆಲವು ಇದರಿಂದಲೇ.

ಔಷಧಿಯ ಕಥೆ ಹೇಳಿದರೆ ಅಪಾಯ ಏನೆಂದು ತಾನಾಗಿ ಗೊತ್ತಾಗುತ್ತದೆ. 1886ರಲ್ಲಿ ಅನಿಲೀನ್‌ನಿಂದ ಮಾಡಿದ ಅಸಿಟನಿಲೈಡನ್ನು ಜ್ವರಕ್ಕೆ ಕೊಡಲು ಶುರುಮಾಡಿದರು. ಜ್ವರ ಇಳಿಯುತ್ತಿತ್ತು, ಆದರೆ ಕೆಲವು ರೋಗಿಗಳ ತುಟಿ, ಉಗುರು ನೀಲಿಯಾಗುತ್ತಿದ್ದವು. ದೇಹದೊಳಗೆ ಅದರ ಬಹುಪಾಲು ಪ್ಯಾರಸಿಟಮಾಲ್ ಆಗುತ್ತದೆ, ಸ್ವಲ್ಪ ಭಾಗ ವಾಪಸ್ ಅನಿಲೀನ್ ಆಗುತ್ತದೆ. ಈ ಸ್ವಲ್ಪವೇ ರಕ್ತದ ಹೀಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವನ್ನು ಬದಲಾಯಿಸಿ, ಅದು ಆಮ್ಲಜನಕ ಹೊರದಂತೆ ಮಾಡಿಬಿಡುತ್ತದೆ. ಇದಕ್ಕೆ ಮೆಟ್‌ಹೀಮೋಗ್ಲೋಬಿನ್ ಅನ್ನುತ್ತಾರೆ. ಮನುಷ್ಯ ಉಸಿರಾಡುತ್ತಲೇ ಇರುತ್ತಾನೆ, ಮೈಗೆ ಮಾತ್ರ ಗಾಳಿ ಮುಟ್ಟುವುದಿಲ್ಲ.

ನಿಮ್ಮ ತಮ್ಮನಿಗೆ ಮುಖ್ಯವಾಗಿ ಹೇಳಿ, ಅನಿಲೀನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಸುಡುವುದಿಲ್ಲ, ಅಷ್ಟಾಗಿ ಉರಿಯೂ ಆಗುವುದಿಲ್ಲ, ಅದಕ್ಕೇ ಜನ ಪ್ಯಾಂಟಿಗೆ ಒರೆಸಿಕೊಂಡು ಸುಮ್ನೆ ಕೆಲಸ ಮುಂದುವರಿಸುತ್ತಾರೆ. ನೆನೆದ ಬಟ್ಟೆ, ಬೂಟು ಗಂಟೆಗಟ್ಟಲೆ ವಿಷ ಇಳಿಸುತ್ತಾ ಇರುತ್ತವೆ, ತಲೆನೋವು, ತಲೆಸುತ್ತು, ಏದುಸಿರು ಎಷ್ಟೋ ಹೊತ್ತಿನ ಮೇಲೆ ಬರಬಹುದು. ಆಸ್ಪತ್ರೆಯಲ್ಲಿ ಹಾಕುವ ತೆಳು ಗ್ಲೌಸ್ ಸಾಲುವುದಿಲ್ಲ, ಬ್ಯುಟೈಲ್ ರಬ್ಬರಿನದು ಕೇಳಲಿ. ಕೆಲಸದ ಬಟ್ಟೆ ಮನೆಗೆ ತರಬಾರದು. ಮದ್ಯ ಕುಡಿದರೆ ಇದರ ವಿಷ ಇನ್ನೂ ಜಾಸ್ತಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು, ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದು ಎಂಬ 2ಎ ಗುಂಪಿನಲ್ಲಿ ಇಟ್ಟಿದೆ. ಹಾಗಾಗಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತಾಗುವುದೂ ಒಳ್ಳೆಯದಲ್ಲ.

ಮೈಮೇಲೆ ಚೆಲ್ಲಿದರೆ ನಾಚಿಕೆ ಬಿಟ್ಟು ಅಲ್ಲೇ ಬಟ್ಟೆ ಕಳಚಿ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಆರಾಮಾಗಿದ್ದೀನಿ ಅನ್ನಿಸಿದರೂ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಅನಿಲೀನ್ ಬಿದ್ದಿದೆ ಅಂತ ಹೆಸರು ಹಿಡಿದು ಹೇಳಬೇಕು, ಯಾಕೆಂದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷದಲ್ಲಿ ತಪ್ಪು ಅಂಕಿ ತೋರಿಸುತ್ತದೆ. ಇದಕ್ಕೆ ಮಿಥಿಲೀನ್ ಬ್ಲೂ ಎಂಬ ಚುಚ್ಚುಮದ್ದು ಇದೆ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಅದನ್ನು ಕೊಟ್ಟರೆ ತೊಂದರೆ, ಆದ್ದರಿಂದ ಕೆಲಸಕ್ಕೆ ಸೇರುವ ಮೊದಲೇ ಆ ರಕ್ತಪರೀಕ್ಷೆ ಮಾಡಿಸಿ ರಿಪೋರ್ಟ್ ಇಟ್ಟುಕೊಳ್ಳಲಿ.